ಬಣ್ಣ ಕೂಡಿಸುವುದು

ನಮ್ಮ ಪಡಸಾಲೆಯ ಗೋಡೆಯ ಮೇಲೆ ಈಗ ಒಂದು ಬರಿಯ ಮೊಳೆ ಇದೆ. ಅದರ ಕೆಳಗೆ ಒಂದು ಚೌಕ ಉಳಿದ ಗೋಡೆಗಿಂತ ಬೆಳ್ಳಗೆ ಉಳಿದುಕೊಂಡಿದೆ. ಅಲ್ಲಿ ಬಹಳ ವರ್ಷ ಅವ್ವನ ಚಿತ್ರ ತೂಗುತ್ತಿತ್ತು. ಹೋದ ಮಳೆಗಾಲದಲ್ಲಿ ಚೌಕಟ್ಟಿಗೆ ಗೆದ್ದಲು ಹತ್ತಿತು. ಇಳಿಸುವಾಗ ಕೈಜಾರಿ ಗಾಜೂ ಒಡೆಯಿತು. ಹೊಸದೊಂದು ಪ್ರತಿ ಮಾಡಿಸಿ ಹಾಕಿದರಾಯಿತು ಎಂದುಕೊಂಡೆ. ಅಷ್ಟು ಸಣ್ಣ ಕೆಲಸ ನನ್ನನ್ನು ಎಲ್ಲಿಗೆ ಕೊಂಡೊಯ್ದಿತೆಂಬುದನ್ನು ಹೇಳಿದರೆ ಓದುಗರು ನಗಬಹುದು; ನಗಲಿ.

ತುಳಸಿಗೇರಿಯೆಂದರೆ ಹೊರಗಿನವರಿಗೆ ಹನುಮಪ್ಪನ ಗುಡಿ, ಕಾರ್ತಿಕದ ದೀಪ, ಬಾಗಲಕೋಟೆಯ ಕಡೆಯಿಂದ ಬರುವ ಬಸ್ಸು. ನೌಕರಿಯಿಂದ ನಿವೃತ್ತನಾಗಿ ಬಂದು ಕುಳಿತ ನನಗೆ ಅದು ಬೇಕಾದಷ್ಟು ಹೊತ್ತು ಸಿಗುವ ಊರು. ಬೆಂಗಳೂರಿನಲ್ಲಿರುವ ಅಳಿಯ ತನಗೆ ಹಳತಾದ ಕಂಪ್ಯೂಟರು, ಸ್ಕ್ಯಾನರು, ಪ್ರಿಂಟರು ಮೂರನ್ನೂ ನನ್ನ ತಲೆಗೆ ಕಟ್ಟಿ ಹೋಗಿದ್ದ. ಮೂಲಚಿತ್ರ ಟ್ರಂಕಿನಲ್ಲಿತ್ತು. 1984ರಲ್ಲಿ ನಮ್ಮ ಅಕ್ಕನ ಮದುವೆಯಲ್ಲಿ ತೆಗೆದ, ಅಂಗೈಯಗಲದ ಬಣ್ಣದ ಫೋಟೋ. ಅದರ ನೆಗೆಟಿವ್ ಸಿಗುವಂತಿರಲಿಲ್ಲ. ಫೋಟೋ ತೆಗೆದವನ ಅಂಗಡಿ ಇದ್ದದ್ದು ಹಳೆಯ ಬಾಗಲಕೋಟೆಯ ಒಂದು ಓಣಿಯಲ್ಲಿ, ಆ ಓಣಿ ಈಗ ಆಲಮಟ್ಟಿಯ ಹಿನ್ನೀರಿನಡಿ ಇದೆ.

ಫೋಟೋವನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದೆ. ಪರದೆಯ ಮೇಲೆ ಅವ್ವನ ಸೆರಗು ಕಾವಿಯ ಕಡೆಗೆ ವಾಲಿತು. ಪ್ರಿಂಟರಿನಿಂದ ಹೊರಬಂದಾಗ ಅದು ಇಟ್ಟಿಗೆಯ ಬಣ್ಣ. ಕೈಯಲ್ಲಿದ್ದ ಫೋಟೋದಲ್ಲಿ ಎರಡೂ ಅಲ್ಲ. ಒಂದು ಸೆರಗಿಗೆ ಮೂರು ಸಾಕ್ಷಿಗಳು, ಮೂವರದೂ ಬೇರೆ ಬೇರೆ ಹೇಳಿಕೆ.

ಇದಕ್ಕೆ ಕಾರಣವುಂಟು. ಪರದೆ ಬೆಳಕನ್ನು ಸೂಸಿ ಬಣ್ಣ ತೋರಿಸುತ್ತದೆ: ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳ ಕೂಡಿಕೆ ಅದು. ಕಾಗದ ಹಾಗಲ್ಲ, ಅದರ ಮೇಲಿನ ಶಾಯಿ ಬೆಳಕಿನಲ್ಲಿ ಒಂದು ಪಾಲನ್ನು ನುಂಗಿ ಉಳಿದದ್ದನ್ನು ಮಾತ್ರ ನಮಗೆ ಬಿಡುತ್ತದೆ. ಒಂದು ಕೊಡುವ ಕೈ, ಇನ್ನೊಂದು ತಡೆಯುವ ಕೈ. ಸ್ಕ್ಯಾನರಿನದು ಮೂರನೆಯ ಬಗೆ; ಅದು ತನ್ನದೇ ದೀಪ ಹಚ್ಚಿಕೊಂಡು ತನ್ನದೇ ಕಣ್ಣಿನಿಂದ ನೋಡುತ್ತದೆ. ಸಾಲದುದಕ್ಕೆ ಅಂಗಡಿಯಿಂದ ಬಂದ ಪರದೆ ಸಾಮಾನ್ಯವಾಗಿ ಬೇಕಾದುದಕ್ಕಿಂತ ಹೆಚ್ಚು ಬೆಳಗುತ್ತಿರುತ್ತದೆ. ಕತ್ತಲೆಯ ಕೋಣೆಯಲ್ಲಿ ಅದನ್ನು ನೋಡಿ, ಅಚ್ಚಾದ ಕಾಗದವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಎರಡೂ ಒಂದಾಗಲಿಲ್ಲವೆಂದು ಗೊಣಗುವುದು ನ್ಯಾಯವಲ್ಲ. ನಾನು ಒಂದು ವಾರ ಗೊಣಗಿದೆ.

ನಮ್ಮ ತರ್ಕಶಾಸ್ತ್ರದವರು ಭ್ರಮೆಗೆ ಕೊಡುವ ಹಳೆಯ ಉದಾಹರಣೆಯೊಂದಿದೆ: ಪೀತಶಂಖ. ಪಿತ್ತ ಏರಿದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುತ್ತದೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ಗಾದೆಯೂ ಹೇಳುತ್ತದೆ. ಬಾಲ್ಯದಿಂದ ಕೇಳಿದ ಮಾತು. ಆದರೆ ಆ ರೋಗಿಯ ಪಕ್ಷವನ್ನು ನಾನು ಎಂದೂ ಯೋಚಿಸಿರಲಿಲ್ಲ. ಅವನಿಗೆ ತನ್ನ ಕಣ್ಣು ಎಷ್ಟು ಹಳದಿಯನ್ನು ಬೆರೆಸುತ್ತದೆಂಬುದು ನಿಖರವಾಗಿ ಗೊತ್ತಿದ್ದರೆ? ಆಗ ಅವನು ಹಳದಿಯನ್ನೇ ಕಾಣುತ್ತ, ‘ಇದು ಬಿಳಿಯ ಶಂಖ’ ಎಂದು ಸರಿಯಾಗಿ ಹೇಳಬಲ್ಲ. ಯಂತ್ರಗಳ ಬಣ್ಣ ಕೂಡಿಸುವ ವಿದ್ಯೆಯೆಲ್ಲ ಇಷ್ಟೇ. 1993ರಲ್ಲಿ ಎಂಟು ಕಂಪನಿಗಳು ಸೇರಿ ಇದಕ್ಕೊಂದು ಸಾಮಾನ್ಯ ಕಟ್ಟಳೆಯನ್ನು ಮಾಡಿಕೊಂಡವು. ಅದರ ಪ್ರಕಾರ ಪ್ರತಿಯೊಂದು ಯಂತ್ರಕ್ಕೂ ಒಂದು ‘ಪ್ರೊಫೈಲ್’ ಇರುತ್ತದೆ. ನಾನು ಅದನ್ನು ತಪ್ಪೊಪ್ಪಿಗೆಯ ಪತ್ರ ಎಂದು ಕರೆಯುತ್ತೇನೆ. ‘ನಾನು ಕೆಂಪನ್ನು ಇಷ್ಟು ಕಡಿಮೆ ಕಾಣುತ್ತೇನೆ, ನೀಲಿಯನ್ನು ಇಷ್ಟು ಹೆಚ್ಚು ಮಾಡುತ್ತೇನೆ’ ಎಂದು ಯಂತ್ರ ತನ್ನ ವಾಲುವಿಕೆಯನ್ನು ಅಂಕಿಗಳಲ್ಲಿ ಬರೆದುಕೊಡುತ್ತದೆ. ಯಾವ ಯಂತ್ರವೂ ನೆಟ್ಟಗಾಗಬೇಕಿಲ್ಲ. ಎಷ್ಟು ಸೊಟ್ಟಗಿದೆಯೆಂದು ಒಪ್ಪಿಕೊಂಡರೆ ಸಾಕು.

ಒಪ್ಪಿಸುವುದಕ್ಕೆ ಒಂದು ಪ್ರಮಾಣ ಬೇಕು. ಸ್ಕ್ಯಾನರಿಗೆ ನೂರಾರು ಬಣ್ಣದ ಚೌಕಗಳಿರುವ ಒಂದು ಹಾಳೆ ಸಿಗುತ್ತದೆ. ಪ್ರತಿ ಚೌಕದ ಬೆಲೆಯನ್ನು ಮೊದಲೇ ಅಳೆದಿರುತ್ತಾರೆ. ಪರದೆಯ ಮೇಲೆ ತೂಗುಬಿಡುವ ಬಣ್ಣಮಾಪಕವೂ ಇದೆ. ಎರಡನ್ನೂ ಅಳಿಯನೇ ಒದಗಿಸಿದ. ಅಳತೆಗೋಲಿಗೂ ಒಂದು ಮೂಲವಿರಬೇಕಲ್ಲ ಎಂದು ಹುಡುಕಿದಾಗ ತಿಳಿದ ಸಂಗತಿ ವಿಚಿತ್ರವಾಗಿತ್ತು. ಜಗತ್ತಿನ ಬಣ್ಣದ ಲೆಕ್ಕವೆಲ್ಲ 1931ರಲ್ಲಿ ನಿಶ್ಚಯಿಸಿದ ಒಬ್ಬ ಕಾಲ್ಪನಿಕ ನೋಡುಗನ ಮೇಲೆ ನಿಂತಿದೆ. ಅವನ ಕಣ್ಣನ್ನು ಕಟ್ಟಿದ್ದು ಇಂಗ್ಲೆಂಡಿನಲ್ಲಿ ರೈಟ್ ಎಂಬವರು ಪರೀಕ್ಷಿಸಿದ 10 ಜನ, ಗಿಲ್ಡ್ ಎಂಬವರು ಪರೀಕ್ಷಿಸಿದ 7 ಜನ, ಒಟ್ಟು 17 ಜನರ ಕಣ್ಣುಗಳಿಂದ. ಆ ಹದಿನೇಳು ಜನ ಇಳಕಲ್ಲಿನ ಸೆರಗನ್ನು ಕಂಡವರೋ ಇಲ್ಲವೋ! ಆದರೂ ಅವರನ್ನು ತೆಗಳಲಾರೆ. ಪಂಚರು ಪರವೂರಿನವರಾದರೂ ನ್ಯಾಯ ಆಗಬಹುದು.

ಅಂತೂ ಮೂರೂ ಯಂತ್ರಗಳಿಂದ ತಪ್ಪೊಪ್ಪಿಗೆ ಬರೆಸಿಕೊಂಡೆ. ಪರದೆ, ಕಾಗದ, ಫೋಟೋ ಮೂರರಲ್ಲೂ ಬಣ್ಣ ಹತ್ತಿರ ಹತ್ತಿರ ಬಂತು. ನನಗಾದ ಹಿಗ್ಗು ಒಂದು ದಿನ ಬಾಳಿತು. ಮಾರನೆಯ ದಿನ ನೋಡುತ್ತೇನೆ, ಯಂತ್ರಗಳು ಕೂಡಿ ಹೇಳುತ್ತಿದ್ದ ನಿಜ ಒಂದೇ: ಫೋಟೋ ಮಾಸಿದೆ. ಆ ಕಾಲದ ಬಣ್ಣದ ಕಾಗದದಲ್ಲಿ ಮೂರು ಪದರಗಳು. ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ನಮ್ಮ ಫೋಟೋದಲ್ಲಿ ಹಸಿರುನೀಲಿಯ ಪದರ ಮೊದಲು ಸೋತಿತ್ತು. ಅವ್ವನ ಹಸಿರು ಸೀರೆ ಕಂದಾಗಿ, ಮುಖ ನಸುಗೆಂಪಾಗಿ, ಚಿತ್ರವೆಲ್ಲ ಸಂಜೆಬಿಸಿಲಿನಲ್ಲಿ ಮುಳುಗಿದಂತಿತ್ತು. ನಾನು ಅದರ ನಿಷ್ಠಾವಂತ ನಕಲನ್ನು ಮಾಡಿದ್ದೆ. ನಾನು ಯಾವುದಕ್ಕೆ ನಿಷ್ಠನಾಗಿರಬೇಕಿತ್ತು, ಫೋಟೋಕ್ಕೋ ಅವ್ವನಿಗೋ?

ಅವ್ವನಿಗೆ ಎಂದರೆ ಸುಲಭವಲ್ಲ; ಅಲ್ಲಿ ನನ್ನ ನೆನಪಲ್ಲದೆ ಬೇರೆ ಸಾಕ್ಷಿಯಿಲ್ಲ, ಆ ಸಾಕ್ಷಿಯ ತಪ್ಪೊಪ್ಪಿಗೆಯನ್ನು ಬರೆಸಿಕೊಳ್ಳುವವರು ಯಾರು? ಆದರೆ ಒಂದು ವಸ್ತು ಉಳಿದಿತ್ತು. ಫೋಟೋದಲ್ಲಿ ಉಟ್ಟ ಸೀರೆ ಅದೇ ಟ್ರಂಕಿನ ತಳದಲ್ಲಿತ್ತು. ಹಸಿರು ಒಡಲಿನ ಇಳಕಲ್ ಸೀರೆ; ಕೆಂಪು ಸೆರಗಿನಲ್ಲಿ ಬಿಳಿಯ ತೋಪು ತೆನೆ. ಇಳಕಲ್ಲಿನಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅಲ್ಲಿ ಕೆಂಪು ನಿಲ್ಲುವ ಕಡೆ ಹಸಿರು ಆರಂಭವಾಗುತ್ತದೆ, ಎರಡರ ನಡುವೆ ಬಿಳಿಯೂ ಇರುತ್ತದೆ. ಕೆಂಪು, ಹಸಿರು, ಬಿಳಿ ಮೂರೂ ಒಂದೆಡೆ ಸಿಗುವ ಇದಕ್ಕಿಂತ ಒಳ್ಳೆಯ ಪ್ರಮಾಣಪಟ್ಟಿಯನ್ನು ಯಾವ ಕಂಪನಿ ಮಾಡಿಕೊಟ್ಟೀತು! ಅದನ್ನು ಸ್ಕ್ಯಾನರಿನ ಮೇಲೆ ಹಾಸಿದರೆ ರೇಶಿಮೆಯ ಹೊಳಪಿಗೆ ಯಂತ್ರ ಕಣ್ಣು ಮುಚ್ಚಿಕೊಂಡಿತು. ಸೀರೆಯಂಗಡಿಯ ಹೆಂಗಸರು ಮಾಡುವುದನ್ನೇ ನಾನೂ ಮಾಡಿದೆ. ಅಂಗಡಿಯವನು ಎಷ್ಟು ದೀಪ ಹಚ್ಚಿದರೂ ಅವರು ಸೀರೆಯನ್ನು ಎತ್ತಿಕೊಂಡು ಹೊಸ್ತಿಲಿಗೆ ಬರುತ್ತಾರೆ. ಟ್ಯೂಬ್‌ಲೈಟಿನಲ್ಲಿ ಕೂಡಿದ ಎರಡು ಬಣ್ಣ ಬಿಸಿಲಿನಲ್ಲಿ ಮುನಿಸಿಕೊಳ್ಳುತ್ತವೆಂಬುದು ಅವರಿಗೆ ಯಾವ ಶಾಸ್ತ್ರವೂ ಇಲ್ಲದೆ ಗೊತ್ತು. ಬೆಳಗಿನ ಒಂಬತ್ತರ ಸುಮಾರಿಗೆ, ಮಡಿಕೆಯ ಒಳಗೆ ಮಾಸದೆ ಉಳಿದ ಭಾಗವನ್ನು ಕಟ್ಟೆಯ ಮೇಲೆ ಹರವಿ, ಅಚ್ಚಿನ ಮೇಲೆ ಅಚ್ಚು ತೆಗೆದು ಹೋಲಿಸುತ್ತ ಕುಳಿತೆ.

ಸೆರಗಿನ ಕೆಂಪಂತೂ ಪೂರ್ತಿಯಾಗಿ ಬರಲಿಲ್ಲ. ಅಷ್ಟು ಕೆಂಪು ಆ ಶಾಯಿಯ ಶಕ್ತಿಯಲ್ಲೇ ಇರಲಿಲ್ಲ. ಆಗ ಎರಡು ದಾರಿ. ಎಟುಕುವ ಬಣ್ಣಗಳನ್ನೆಲ್ಲ ಇದ್ದ ಹಾಗೆ ಬಿಟ್ಟು, ಎಟುಕದ ಕೆಂಪೊಂದನ್ನು ಎಟುಕುವಲ್ಲಿಗೆ ಕತ್ತರಿಸುವುದು. ಇಲ್ಲವೆ ಎಲ್ಲ ಬಣ್ಣಗಳನ್ನೂ ತುಸು ತಗ್ಗಿಸಿ ಅವುಗಳ ನಡುವಿನ ಸಂಬಂಧವನ್ನು ಕಾಪಾಡುವುದು. ನಾನು ಎರಡನೆಯದನ್ನು ಆರಿಸಿದೆ. ಒಂದೊಂದು ಬಣ್ಣವನ್ನು ಬಿಡಿಯಾಗಿ ಅಳೆದರೆ ಎಲ್ಲವೂ ಕೊಂಚ ಸುಳ್ಳು. ಕೆಂಪಿಗೂ ಹಸಿರಿಗೂ ಇದ್ದ ದೂರ ಮಾತ್ರ ಹೆಚ್ಚುಕಡಿಮೆ ನಿಜ.

ಹಸಿರು ಹಸಿರಾಯಿತು, ತೋಪು ತೆನೆ ಬಿಳಿಯಾಯಿತು. ಆಗ ಚಿತ್ರದ ಮೇಲ್ಭಾಗವನ್ನು ನೋಡಿದೆ. ಅವ್ವನ ಮುಖ ಕಪ್ಪಾಗಿತ್ತು.

ಮುಖವನ್ನು ನಾನು ಮುಟ್ಟಿರಲಿಲ್ಲ. ಸೀರೆಗೆ ಅದರ ಬಣ್ಣವನ್ನು ಹಿಂದಕ್ಕೆ ಕೊಟ್ಟಿದ್ದೆ. ಅದರ ಬೆನ್ನಿಗೆ ಮುಖದ ಬಣ್ಣವೂ ಬಂದಿತ್ತು. ಒಳ್ಳೆಯ ಎಣ್ಣೆಗಪ್ಪು. ಆಗ ನೆನಪಾಯಿತು, ಅವ್ವ ಕಪ್ಪಗಿದ್ದಳು! ಗೋಡೆಯ ಮೇಲಿದ್ದ ಚಿತ್ರದಲ್ಲಿ ಆಕೆ ಗೋಧಿಬಣ್ಣದವಳು. ಆಕೆ ತೀರಿಕೊಂಡ ವರ್ಷ ಒಂದು ಅಂಗಡಿಯಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿಸಿದ್ದೆವು. ಅಂಗಡಿಯವನು ಕೇಳದೆಯೇ ಮುಖವನ್ನು ತಿಳಿಗೊಳಿಸಿದ್ದ, ನಾವೂ ಕೇಳದೆಯೇ ಮೆಚ್ಚಿ ಹಣ ಕೊಟ್ಟಿದ್ದೆವು. ದಿನಾ ಅದನ್ನೇ ನೋಡಿ ನೋಡಿ ಹಡೆದವಳ ಮೈಬಣ್ಣವನ್ನು ನಾನು ಮರೆತಿದ್ದೆ.

ಅಕ್ಕ ಗುಳೇದಗುಡ್ಡದಿಂದ ಬಂದಾಗ ಹೊಸ ಪ್ರತಿಯನ್ನು ತೋರಿಸಿದೆ. ಬಹಳ ಹೊತ್ತು ಹಿಡಿದುಕೊಂಡಿದ್ದಳು.

“ಅವ್ವ ಇಷ್ಟು ಕರ್ರಗ ಇದ್ದಳೇನೋ ತಮ್ಮಾ?”

“ಇದ್ದಳಕ್ಕ. ಸೀರಿ ತಂದು ಹಚ್ಚಿ ನೋಡೀನಿ.”

“ಸೀರಿಗೆ ಏನ ಗೊತ್ತು? ನನ್ನ ನೋಡಾಕ ಬಂದವರು ಮೂರು ಸಲ ಹುಡುಗಿ ಕಪ್ಪು ಅಂದು ಎದ್ದು ಹೋದರು. ಆವಾಗ ಒಳಗ ಒಲೀ ಮುಂದ ಕುಂತು ಅತ್ತಾಕಿ ಅವ್ವ, ನನ್ನ ಬಣ್ಣಾನ ನಿನಗ ಬಂತು ಅಂತ. ಸತ್ತ ಮ್ಯಾಲಾದರೂ ಗ್ವಾಡಿ ಮ್ಯಾಲೆ ಚಂದ ಇರಲಿ ಬಿಡು.”

ನನಗೆ ಉತ್ತರ ಹೊಳೆಯಲಿಲ್ಲ. ಇಳಕಲ್ಲಿನ ಕಪ್ಪು ಚಂದ್ರಕಾಳಿ ಸೀರೆಯನ್ನು ಹುಡುಕಿಕೊಂಡು ಹೋಗಿ ತರುವ ಜನ ನಾವು. ನಮ್ಮೂರ ಹನುಮಪ್ಪನ ಒಡೆಯನನ್ನು ನೀಲಮೇಘಶ್ಯಾಮ ಎಂದು ಹಾಡುತ್ತೇವೆ. ಕ್ಯಾಲೆಂಡರಿನಲ್ಲಿ ಬರೆಯುವಾಗ ಅವನನ್ನು ನೀಲಿ ಮಾಡಿ ಕಪ್ಪಿನಿಂದ ಪಾರಾಗುತ್ತೇವೆ. ಇಂಥ ಜಾಣತನಕ್ಕೆ ಯಾವ ಪ್ರೊಫೈಲು? ನಮ್ಮೊಬ್ಬರದೇ ದೋಷವೆಂದೂ ಅಲ್ಲ. ಅಮೆರಿಕದ ಕೊಡಾಕ್ ಕಂಪನಿ 1950ರ ದಶಕದಿಂದ ಮುದ್ರಣಶಾಲೆಗಳಿಗೆ ‘ಶರ್ಲಿ’ ಎಂಬ ಹೆಸರಿನ ಚಿತ್ರಪಟ್ಟಿಯನ್ನು ಕಳಿಸುತ್ತಿತ್ತು. ಅದರಲ್ಲಿದ್ದ ಬಿಳಿಯ ಹೆಂಗಸಿನ ಮೈಬಣ್ಣ ಸರಿಯಾಗಿ ಬಂದರೆ ಎಲ್ಲರದೂ ಸರಿ. ಕಪ್ಪು ಮುಖಗಳು ಕೆಡುತ್ತವೆಂಬ ದೂರಿಗಿಂತ, ಚಾಕೊಲೇಟಿನ, ಮರದ ಸಾಮಾನಿನ ಕಂಪನಿಗಳು ತಮ್ಮ ಸರಕಿನ ಕಂದು ಸರಿಯಾಗಿ ಬರುತ್ತಿಲ್ಲವೆಂದು ದೂರಿದ್ದೇ ಅಲ್ಲಿ ನಾಟಿತಂತೆ. ಕೆನಡಾದ ವಿದ್ವಾಂಸೆ ಲೋರ್ನಾ ರೋತ್ 2009ರಲ್ಲಿ ಇದನ್ನು ಬರೆದಿದ್ದಾರೆ. ಹಾಗೆ ನೋಡಿದರೆ 1984ರ ಆ ಫೋಟೋ ಹೊಚ್ಚಹೊಸದಾಗಿದ್ದಾಗಲೂ ಅವ್ವನ ಮುಖಕ್ಕೆ ಪೂರ್ತಿ ನ್ಯಾಯ ಮಾಡಿತ್ತೆಂದು ನಾನು ಪ್ರಮಾಣ ಮಾಡಲಾರೆ.

ಅಕ್ಕನಿಗೆ ಇದನ್ನೆಲ್ಲ ಹೇಳಲಿಲ್ಲ. ಆಕೆಯ ಮಾತು ಸುಳ್ಳಿನ ಪರವಾಗಿತ್ತೆಂದು ಒಮ್ಮೆ ಅನಿಸಿತು. ನೋವನ್ನು ತಿಳಿದವಳ ಕರುಣೆಯೆಂದು ಮತ್ತೊಮ್ಮೆ. ಆದರೆ ಆ ಮೂರು ಸಲ ಎದ್ದುಹೋದವರೂ ಗೋಧಿಬಣ್ಣದ ಅವ್ವನನ್ನೇ ಒಪ್ಪುತ್ತಿದ್ದರಲ್ಲ ಎಂಬುದು ನನ್ನನ್ನು ಚುಚ್ಚುತ್ತಿತ್ತು. ಅವರ ಕಣ್ಣಿಗೆ ಹಿಡಿಸುವಂತೆ ನಾವೇ ಅವ್ವನನ್ನು ತಿದ್ದಿ ಗೋಡೆಗೆ ಹಾಕಿ ಹೂ ಮುಡಿಸಿದ್ದೆವು.

ಮಧ್ಯಾಹ್ನ ಊಟವಾದ ಮೇಲೆ ನೋಡಿದರೆ ಅಕ್ಕ ಹೊಸ್ತಿಲಲ್ಲಿ ಕುಳಿತಿದ್ದಳು. ತೊಡೆಯ ಮೇಲೆ ಸೀರೆ, ಸೀರೆಯ ಮೇಲೆ ಹೊಸ ಪ್ರತಿ. ಬಳೆ ಹಿಂದೆ ಸರಿಸಿ ತನ್ನ ಮುಂಗೈಯನ್ನು ಚಿತ್ರದಲ್ಲಿನ ಅವ್ವನ ಕೈಯ ಪಕ್ಕದಲ್ಲಿಟ್ಟು ಬಿಸಿಲಿಗೆ ಹೊರಳಿಸಿ ನೋಡುತ್ತಿದ್ದಳು. ನನ್ನ ಸಪ್ಪಳ ಕೇಳಿ ಕೈ ತೆಗೆದಳು.

“ಹಸರು ಒಂದೀಟು ಹೆಚ್ಚಾಗೇತಿ ನೋಡು,” ಎಂದಳು.

ಹೌದು, ಹೆಚ್ಚಾಗಿತ್ತು. ಒಳಗೆ ಹೋಗಿ ತಿದ್ದಿ ಇನ್ನೊಂದು ಪ್ರತಿ ತೆಗೆದುಕೊಟ್ಟೆ. ಸಂಜೆಯ ಬಸ್ಸಿಗೆ ಹೊರಡುವಾಗ ಅದನ್ನೂ, ಗಾಜು ಒಡೆದ ಹಳೆಯ ಚಿತ್ರವನ್ನೂ ಎರಡನ್ನೂ ಚೀಲದಲ್ಲಿಟ್ಟುಕೊಂಡಳು. ಯಾವುದಕ್ಕೆ ಕಟ್ಟು ಹಾಕಿಸಿದ್ದಾಳೆಂದು ನಾನಿನ್ನೂ ಹೋಗಿ ನೋಡಿಲ್ಲ. ನನ್ನದೊಂದು ಪ್ರತಿ ಮೇಜಿನ ಖಾನೆಯಲ್ಲಿದೆ.