ನಾಲಿಗೆಯ ಗಂಟು ಮತ್ತು ನಮ್ಮ ಹೊಣೆ

ಫಿರ್‌ಔನನ ಬಳಿಗೆ ಹೋಗಬೇಕೆಂಬ ದೇವಾಜ್ಞೆ ಬಂದಾಗ ಪ್ರವಾದಿ ಮೂಸಾ(ಅ)ರು ಏನನ್ನು ಬೇಡಿದರೆಂಬುದನ್ನು ನೀವು ಬಲ್ಲಿರಿ. ಸೈನ್ಯವನ್ನಾಗಲಿ ಸಂಪತ್ತನ್ನಾಗಲಿ ಅವರು ಕೇಳಲಿಲ್ಲ. ಜನರಿಗೆ ತಮ್ಮ ಮಾತು ಅರ್ಥವಾಗುವಂತೆ ನಾಲಿಗೆಯ ಗಂಟನ್ನು ಬಿಡಿಸಬೇಕೆಂದು ಪ್ರಾರ್ಥಿಸಿದರು. ತಮಗಿಂತ ಸ್ಫುಟವಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ಸಹಾಯಕರನ್ನಾಗಿ ಕೊಡಬೇಕೆಂದೂ ಬೇಡಿದರು. ಅಲ್ಲಾಹನು ಆ ಬೇಡಿಕೆಯನ್ನು ಈಡೇರಿಸಿದನು. ಮಾತಿನ ತೊಡಕು ಅವರನ್ನು ಪ್ರವಾದಿತ್ವಕ್ಕೆ ಅನರ್ಹರನ್ನಾಗಿಸಲಿಲ್ಲ. ಹೀಗಿರುವಾಗ ತೊದಲುವ ಮಗುವನ್ನು ಕಂಡು ನಗುವ ಹಕ್ಕು ನಮಗೆ ಎಲ್ಲಿಂದ ಬಂತು?

ನಮ್ಮ ಮನೆಗಳತ್ತ ಒಮ್ಮೆ ನೋಡಿರಿ. ಮಾತು ತಡವಾದ ಮಗುವಿಗೆ 'ಮೂಗ'ನೆಂದೂ, ಅಕ್ಷರ ಹಿಡಿಯದ ಮಗುವಿಗೆ 'ದಡ್ಡ'ನೆಂದೂ ಹೆಸರಿಡುತ್ತೇವೆ. ಪರಸ್ಪರ ಅಪಹಾಸ್ಯ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದಲ್ಲಿ ನಿಷೇಧಿಸಿದೆ. ಸ್ವಂತ ಮಕ್ಕಳ ವಿಷಯದಲ್ಲಿ ಈ ಆಜ್ಞೆಗೆ ರಿಯಾಯಿತಿಯಿಲ್ಲ.

ಮದ್ರಸದಲ್ಲೂ ಇದೇ ಸ್ಥಿತಿ ಇರುವುದುಂಟು. ಪಾಠ ಒಪ್ಪಿಸಲಾಗದೆ ತಡವರಿಸುವ ಮಗು ಏಟು ತಿಂದು, ಕೊನೆಗೆ ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ. ತಡವರಿಸುತ್ತಾ, ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಲ್ಲಾಹನು ಎರಡು ಪ್ರತಿಫಲವಿಟ್ಟಿರುವಲ್ಲಿ ನಾವು ಬೆತ್ತವಿಡುವುದೇ?

ಜನರೇನೆಂದಾರು, ನಾಳೆ ಹುಡುಗಿಯ ಮದುವೆಗೆ ಅಡ್ಡಿಯಾದೀತು ಎಂದು ಕೆಲವರು ಸಮಸ್ಯೆಯನ್ನು ಮುಚ್ಚಿಡುತ್ತಾರೆ. ತಾಯಿತ ಕಟ್ಟಿಸುತ್ತಾ ವರ್ಷಗಳನ್ನು ಕಳೆಯುವವರೂ ಇದ್ದಾರೆ. ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಪ್ರಾರ್ಥನೆಯ ಜೊತೆಗೆ ಸಹಾಯಕನನ್ನೂ ಕೇಳಿದ ಮೂಸಾ(ಅ)ರ ಮಾದರಿ ನಮ್ಮ ಮುಂದಿದೆ. ಎರಡು ವರ್ಷ ತುಂಬಿದರೂ ಮಗು ಎರಡು ಪದಗಳನ್ನು ಜೋಡಿಸಿ ಆಡದಿದ್ದರೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿರಿ. ಮಾತು ಮತ್ತು ಶ್ರವಣ ತಜ್ಞರನ್ನು ಕಾಣಿರಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಬುದ್ಧಿ ಚುರುಕಾಗಿದ್ದೂ ಓದು ಬರಹದಲ್ಲಿ ಮಾತ್ರ ತೊಡಕಿರುವ ಮಕ್ಕಳೂ ಇರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮಾತಿನ ಹಾಗೂ ಕಲಿಕೆಯ ನ್ಯೂನತೆಗಳೆರಡನ್ನೂ ಗುರುತಿಸಿದೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ ಇರುವುದರಿಂದಲೇ ಮಾತು ಕೆಟ್ಟಿತೆಂದು ಭಾವಿಸಬೇಡಿರಿ. ಎರಡು ಭಾಷೆ ಈ ತೊಂದರೆಗೆ ಕಾರಣವಲ್ಲ.

ಮನೆಯಲ್ಲಿ ನೀವು ಮಾಡಬೇಕಾದುದೂ ಇದೆ. ಮಗು ತೊದಲಿದಾಗ ಅದರ ಮಾತನ್ನು ನೀವೇ ಮುಗಿಸಬೇಡಿರಿ. ಕೈಯ ಕೆಲಸ ಬಿಟ್ಟು, ಮುಖ ನೋಡಿ, ಕೊನೆಯ ಪದದವರೆಗೂ ಕಾಯಿರಿ. ಒಡಹುಟ್ಟಿದವರೊಡನೆ ಹೋಲಿಸಬೇಡಿರಿ. ಹಾರೂನ್(ಅ)ರು ಸಹೋದರನ ಪಕ್ಕದಲ್ಲಿ ನಿಂತು ಬಲವಾದರು, ಅವರ ಸ್ಥಾನವನ್ನು ಕಸಿಯಲಿಲ್ಲ. ನಿಮ್ಮ ಮನೆಯ ಮಗುವಿಗೂ ಒಬ್ಬ ಹಾರೂನ್ ಬೇಕು. ಅದು ತಂದೆಯಾಗಬಹುದು, ತಾಯಿಯಾಗಬಹುದು, ಅಣ್ಣನೋ ಅಕ್ಕನೋ ಉಸ್ತಾದರೋ ಆಗಬಹುದು.

ನಮ್ಮ ಮಕ್ಕಳ ನಾಲಿಗೆಯ ಗಂಟುಗಳನ್ನು ಅಲ್ಲಾಹನು ಸಡಿಲಿಸಲಿ. ಅವರನ್ನು ಆಲಿಸುವ ತಾಳ್ಮೆಯನ್ನು ನಮಗೆ ಕರುಣಿಸಲಿ. ಆಮೀನ್.