ದಾರಿಹೋಕನ ಹಕ್ಕು, ಅತಿಥಿಯ ಋಣ

ಸೈಕಲ್ಲಿನಲ್ಲಿ ಊರೂರು ಸುತ್ತುವುದು ಯುರೋಪಿನಲ್ಲಿ ಒಂದು ಜನಪ್ರಿಯ ವಿಹಾರ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ನಾಡಿಗೆ ಹಣ ತೆತ್ತು ಹೋಗಿ, ಅಲ್ಲಿನ ಬೆಟ್ಟ, ಕಡಲು, ಊಟ, ಹಾಡುಗಳನ್ನು ಕೆಲವೇ ದಿನಗಳಲ್ಲಿ ಸವಿದು ಬರುವವರಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಸೈಕಲ್ ವಿಹಾರದ ವಸ್ತುವಾಗಿರಲಿಲ್ಲ. 2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ್ದು ಶಾಲೆ ದೂರವಿದ್ದ ಕಾರಣಕ್ಕೆ. ಅದೇ ಸೈಕಲ್ ಹತ್ತಿ ಬಿಡುವಿನಲ್ಲಿ ನಮ್ಮ ನಾಡನ್ನೇ ನೋಡಲು ಹೊರಟರೆ ಒಂದು ಪ್ರಶ್ನೆ ಎದುರಾಗುತ್ತದೆ. ಪರವೂರಿನಲ್ಲಿ ನಾವು ಯಾರು? ಗಿರಾಕಿಗಳೋ, ಅತಿಥಿಗಳೋ?

ಶಿಕಾರಿಪುರ ತಾಲೂಕಿನ ತೊಗರ್ಸಿಯನ್ನೇ ತೆಗೆದುಕೊಳ್ಳೋಣ. ಅಲ್ಲಿನ ಮಲ್ಲಿಕಾರ್ಜುನ ದೇಗುಲದಿಂದ ಹೊರಟರೆ ಶಿರಾಳಕೊಪ್ಪದ ಸಂತೆ, ಬಳ್ಳಿಗಾವಿ, ಕದಂಬರ ಶಾಸನದ ತಾಳಗುಂದ, ಇನ್ನೊಂದು ಕಡೆ ಸೊರಬ ತಾಲೂಕಿನ ಆನವಟ್ಟಿ, ಎಲ್ಲವೂ ಸೈಕಲ್ಲಿಗೆ ನಿಲುಕುವ ದೂರದಲ್ಲಿವೆ. ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ, ಅಡಿಕೆ ತೋಟಗಳ ನಡುವಿನ ದಾರಿ. ಕಾರಿನಲ್ಲಿ ಹೋಗುವವನಿಗೆ ಇಲ್ಲಿ ಯಾರ ಹಂಗೂ ಬೇಕಿಲ್ಲ. ಸೈಕಲ್ಲಿನವನು ಮಾತ್ರ ದಾರಿ ಕೇಳಬೇಕು, ಗಾಳಿ ಹೊಡೆಸಬೇಕು, ಮಧ್ಯಾಹ್ನದ ಬಿಸಿಲಿಗೆ ಯಾರದೋ ಜಗಲಿಯಲ್ಲಿ ಕುಳಿತು ಬೆಲ್ಲ-ನೀರು ಕುಡಿಯಬೇಕು. ಬೇಡುವ ಸ್ಥಿತಿಯಲ್ಲಿ ನಿಂತಾಗಲೇ ಮನುಷ್ಯ ಗಿರಾಕಿಯಿಂದ ಅತಿಥಿಯಾಗುತ್ತಾನೆ.

ಆದರೆ ನೀರಿಗಿಂತ ಮೊದಲು ಪ್ರಶ್ನೆ ಬರುತ್ತದೆ. "ಯಾವೂರಾಯ್ತು? ಯಾರ ಪೈಕಿ?" ಅದರಲ್ಲಿ ಅಕ್ಕರೆಯೂ ಇದೆ, ಅಳತೆಯೂ ಇದೆ. ಉತ್ತರವನ್ನು ನೋಡಿಕೊಂಡು ಲೋಟ ಬದಲಾಗುವುದನ್ನು ದಲಿತರೂ ಮುಸ್ಲಿಮರೂ ಬಲ್ಲರು. 14ನೇ ಶತಮಾನದ ಯಾತ್ರಿಕ ಇಬ್ನ್ ಬತೂತ ಮಲಬಾರಿನ ದಾರಿಯಲ್ಲಿ ಅರ್ಧ ಮೈಲಿಗೊಂದು ತಂಗುಮನೆ, ಬಾವಿ, ನೀರು ಕೊಡಲು ಒಬ್ಬ ಆಳು ಇರುವುದನ್ನು ಮೆಚ್ಚಿ ಬರೆದ. ಮುಸ್ಲಿಮರಿಗೆ ಪಾತ್ರೆ ಕೊಡದೆ ಬೊಗಸೆಗೆ ನೀರು ಹೊಯ್ಯುತ್ತಿದ್ದುದನ್ನೂ ಬರೆದ. ದಾನವೂ ತಾರತಮ್ಯವೂ ಒಂದೇ ಬಾವಿಯ ಕಟ್ಟೆಯ ಮೇಲೆ ಇರಬಲ್ಲವು.

ಹಾಗಾದರೆ ಬೇರೆ ಮಾದರಿ ನಮ್ಮಲ್ಲಿಲ್ಲವೇ? ಇದೇ ಸೀಮೆಯ ಬಳ್ಳಿಗಾವಿಯಲ್ಲಿದೆ. ಅಲ್ಲಿನ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಜೈನ ಕ್ಷಪಣಕರು, ನಾನಾ ದೇಶದ ಭಿಕ್ಷುಗಳು ಇವರೆಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು ಎನ್ನುತ್ತದೆ. ಶೈವ ಮಠವಿದ್ದ ಆ ಊರಿನಲ್ಲೇ ಬೌದ್ಧ ವಿಹಾರವೂ ಜೈನ ಬಸದಿಗಳೂ ಇದ್ದವು. ಶಾಸನಗಳು ಹೊಗಳುವುದು ಹೆಚ್ಚು, ಆ ಕಾಲದಲ್ಲಿ ಜಾತಿಯೂ ಇತ್ತು, ನಿಜ. ಆದರೂ ಒಂದು ಸಮಾಜ ಯಾವುದನ್ನು ತನ್ನ ಹಿರಿಮೆಯೆಂದು ಕಲ್ಲಿನಲ್ಲಿ ಕೆತ್ತಿಸುತ್ತದೆ ಎಂಬುದು ಮುಖ್ಯ. ಹಸಿದವನ ಗುರುತು ಕೇಳದೆ ಉಣಬಡಿಸುವುದು ಅಂದು ಹೆಮ್ಮೆಯ ವಿಷಯವಾಗಿತ್ತು.

ಆತಿಥ್ಯಕ್ಕೆ ಇನ್ನೊಂದು ಮಗ್ಗುಲಿದೆ. ಇಸ್ಲಾಮ್ ದಾರಿಹೋಕನಿಗೆ ಝಕಾತ್‌ನಲ್ಲಿ ಪಾಲು ಇಟ್ಟಿದೆ. ಅತಿಥಿಗೆ ಮೂರು ದಿನಗಳ ಸತ್ಕಾರದ ಹಕ್ಕನ್ನೂ ಕೊಟ್ಟಿದೆ. ಜೊತೆಗೆ, ಮನೆಯವರಿಗೆ ಕಷ್ಟವಾಗುವಷ್ಟು ದಿನ ಉಳಿಯಬಾರದೆಂದು ಅತಿಥಿಗೂ ಕಟ್ಟು ಹಾಕಿದೆ. 2017ರಲ್ಲಿ ಬಾಸ್ಕ್ ನಾಡಿನ ಸಾನ್ ಸೆಬಾಸ್ಟಿಯನ್ ನಗರದ ಜನ ಪ್ರವಾಸೋದ್ಯಮದ ಅತಿರೇಕದ ವಿರುದ್ಧ ಬೀದಿಗಿಳಿದದ್ದು, ಬಂದವರು ಈ ಕಟ್ಟನ್ನು ಮರೆತ ಕಡೆ ಏನಾಗುತ್ತದೆಂಬುದಕ್ಕೆ ಸಾಕ್ಷಿ. ಬಡವರ ಅಡಿಗೆಮನೆ ನಮ್ಮ ಫೋಟೋಕ್ಕಾಗಿ ಇರುವುದಲ್ಲ. ಗೂಡಂಗಡಿಯಲ್ಲಿ ಮಂಡಕ್ಕಿ-ಮಿರ್ಚಿ ತಿಂದು ಎರಡು ರೂಪಾಯಿಗೆ ಚೌಕಾಸಿ ಮಾಡುವುದು ಸಂಸ್ಕೃತಿಯ ಪರಿಚಯವೂ ಅಲ್ಲ.

ಜಗಲಿಯಲ್ಲಿ ಕುಡಿದ ನೀರಿಗೆ ಹಣ ಕೊಡಹೋದರೆ ಮನೆಯಾಕೆ ನೊಂದುಕೊಳ್ಳುತ್ತಾಳೆ. ಆ ಋಣವನ್ನು ಅಲ್ಲಿ ತೀರಿಸಲಾಗದು. ಅದು ತೀರುವುದು ನಮ್ಮೂರಿನಲ್ಲಿ, ನಮ್ಮ ಬಾಗಿಲಲ್ಲಿ. ನಮ್ಮ ಕೇರಿಯಲ್ಲಿ ನಮ್ಮವರಲ್ಲದವರಿಗೆ ಬಾಡಿಗೆಗೆ ಮನೆ ಸಿಗುತ್ತದೆಯೇ? ನಮ್ಮ ಪಂಕ್ತಿಯಲ್ಲಿ ಅಪರಿಚಿತನಿಗೆ ಎಲೆ ಬೀಳುತ್ತದೆಯೇ? ಬಾಗಿಲಿಗೆ ಬಂದವನ ಹೆಸರು ಕೇಳುವ ಮೊದಲು ನಾವು ನೀರು ಕೊಡುತ್ತೇವೆಯೇ? ಹಿಂದೂಗಳಿರಲಿ, ಮುಸ್ಲಿಮರಿರಲಿ, ಪ್ರವಾಸ ಮುಗಿಸಿ ಮನೆಗೆ ಬಂದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು.