ಹೊಳೆ ಏರಿದಾಗ ನಾವು ಕೇಳುವ ಪ್ರಶ್ನೆ



ಹುಲ್ಲಹಳ್ಳಿಯ ಸುತ್ತಿನವರಿಗೆ ಒಂದು ವಿಚಿತ್ರ ಅನುಭವ ಉಂಟು. ಮೇಲೆ ಬಿಸಿಲು ಕಾಯುತ್ತಿರುತ್ತದೆ, ಊರಿನಲ್ಲಿ ಒಂದು ಹನಿ ಮಳೆ ಇರುವುದಿಲ್ಲ, ಆದರೂ ಕಪಿಲಾ ನದಿ ದಡ ಮೀರಿ ಗದ್ದೆಗೆ ನುಗ್ಗಿರುತ್ತದೆ. ಮಳೆ ಬಿದ್ದದ್ದು ಇಲ್ಲಲ್ಲ, ಕೇರಳದ ವಯನಾಡಿನಲ್ಲಿ. ಆ ನೀರು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯವನ್ನು ತುಂಬುತ್ತದೆ. ಅಲ್ಲಿ ಬಾಗಿಲು ಎತ್ತಿದರೆ ಹುಲ್ಲಹಳ್ಳಿ, ನಂಜನಗೂಡು, ಸುತ್ತೂರುಗಳನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ದಿನಗಳಲ್ಲಿ, ಜಲಾಶಯದಿಂದ ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಟ್ಟಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು. ಮಲ್ಲನಮೂಲೆ ಮಠದ ಬಳಿ ಮೈಸೂರು–ಊಟಿ ರಸ್ತೆ ನೀರಿನಡಿಗೆ ಹೋಯಿತು. ಸುತ್ತೂರು ಸೇತುವೆಯ ಮೇಲೆಯೇ ಹೊಳೆ ಹರಿಯಿತು. ಅದರ ಹಿಂದಿನ ವರ್ಷ, 2018ರಲ್ಲೂ, ಇದೇ ಕಥೆ.

ಇಂಥ ಹೊತ್ತಿನಲ್ಲಿ ದಡದಲ್ಲಿ ನಿಂತವರ ಮಾತನ್ನು ನೀವೂ ಕೇಳಿರುತ್ತೀರಿ. 'ಗಂಗಮ್ಮ ಮುನಿದಿದ್ದಾಳೆ' ಎನ್ನುವವರುಂಟು, 'ಕಾಲ ಕೆಟ್ಟಿತು, ಪಾಪ ಹೆಚ್ಚಿತು' ಎನ್ನುವವರೂ ಉಂಟು. ನಮ್ಮವರಾದರೆ 'ದೇವರು ಎಚ್ಚರಿಸುತ್ತಿದ್ದಾರೆ' ಎನ್ನುತ್ತಾರೆ. ಹೊಳೆ ಒಂದೇ, ನೀರು ಒಂದೇ. ಅದನ್ನು ನೋಡುವ ಕಣ್ಣಿಗೆ ಮಾತ್ರ ಅವರವರ ಮನೆಯ ಕನ್ನಡಕ. ಆ ಕನ್ನಡಕವೇ ಸಂಸ್ಕೃತಿ. ವಿಪತ್ತು ಬಂದಾಗ ನಾವು ಏನು ಹೇಳುತ್ತೇವೆ ಎಂಬುದಷ್ಟೇ ಅಲ್ಲ, ಏನು ಮಾಡುತ್ತೇವೆ, ಏನನ್ನು ಮಾಡದೆ ಬಿಡುತ್ತೇವೆ ಎಂಬುದನ್ನೂ ಅದು ತೀರ್ಮಾನಿಸುತ್ತದೆ.

ನರಸೀಪುರ ತಾಲ್ಲೂಕಿನ ತಲಕಾಡಿಗೆ ಹೋದವರಿಗೆ ಅಲಮೇಲಮ್ಮನ ಕಥೆ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ. ರಂಗನಾಯಕಿ ದೇವಿಗೆ ತೊಡಿಸುತ್ತಿದ್ದ ಒಡವೆಗಳು ಆಕೆಯ ಬಳಿ ಇದ್ದವು. ಅವನ್ನು ಕಿತ್ತುಕೊಳ್ಳಲು ಒಡೆಯರ ಆಳುಗಳು ಬೆನ್ನಟ್ಟಿದಾಗ ಆಕೆ ಶಾಪ ಹಾಕಿ ಮಾಲಂಗಿಯ ಮಡುವಿಗೆ ಹಾರಿದಳು ಎಂಬುದು ಜನರ ನಂಬಿಕೆ. ತಲಕಾಡು ಮರಳಿನಲ್ಲಿ ಹೂತುಹೋದದ್ದು ಆ ಶಾಪದಿಂದ, ಮೈಸೂರಿನ ದೊರೆಗಳಿಗೆ ಸಂತಾನ ಇಲ್ಲದೆ ಹೋದದ್ದೂ ಆ ಶಾಪದಿಂದಲೇ ಎನ್ನುತ್ತಾರೆ. ಇಂದಿಗೂ ಪಂಚಲಿಂಗ ದರ್ಶನಕ್ಕೆ ಮುಂಚೆ ಅಲ್ಲಿ ಮರಳನ್ನು ತೆಗೆಯಬೇಕು. 2020ರಲ್ಲಿ ನಡೆದ ದರ್ಶನದಲ್ಲೂ ಹಾಗೆಯೇ ಆಯಿತು.

ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ಈ ಶಾಪವನ್ನು ಬೇರೆ ರೀತಿಯಲ್ಲಿ ಓದಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ, ಅಂದರೆ ಅಲಮೇಲಮ್ಮನಿಗೂ ಬಹಳ ಮುಂಚೆ, ವಿಜಯನಗರದ ಮಾಧವಮಂತ್ರಿ ತಲಕಾಡಿಗೆ ಮೇಲುಗಡೆ ಕಾವೇರಿಗೆ ಅಣೆಕಟ್ಟೆ ಕಟ್ಟಿಸಿದ. ನೀರಿನ ಹರಿವು ಬದಲಾಯಿತು, ಹೊಳೆಯ ತಳದ ಮರಳು ಬಿಸಿಲಿಗೆ ತೆರೆದುಕೊಂಡಿತು, ಮುಂಗಾರಿನ ಗಾಳಿ ಅದನ್ನು ಊರಿನ ಮೇಲೆ ಎತ್ತಿ ಹಾಕಿತು. ಬೆಳೆಗೆ ನೀರು ಕೊಟ್ಟ ಕಟ್ಟೆಯೇ ಒಂದು ಪಟ್ಟಣವನ್ನು ಹೂತಿತು ಎಂಬುದು ಅವರ ವಾದ. ಆ ಕಟ್ಟೆ ಅನ್ನ ಕೊಟ್ಟಿದೆ. ನಮ್ಮ ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆಗಳೂ ಕೊಟ್ಟಿವೆ. ಆದ್ದರಿಂದ ಅಣೆಕಟ್ಟೆಯನ್ನು ಬೈಯುವುದು ನನ್ನ ಉದ್ದೇಶವಲ್ಲ.

ನನ್ನನ್ನು ಕಾಡುವುದು ಬೇರೆ. ಶಾಪ ಎಂದೊಡನೆ ಲೆಕ್ಕ ಮುಗಿಯಿತು. ತಪ್ಪು ಮಾಡಿದವನು ಒಬ್ಬ ದೊರೆ, ಶಾಪ ಕೊಟ್ಟವಳು ಒಬ್ಬ ಹೆಂಗಸು, ಉಳಿದವರಿಗೆ ಮರಳು ಗುಡಿಸುವುದಷ್ಟೇ ಕೆಲಸ. ಹಾಗೆಂದು ಆ ಕಥೆಯನ್ನು ಮೂಢನಂಬಿಕೆ ಎಂದು ತಳ್ಳಿಬಿಡಲು ನನಗೆ ಮನಸ್ಸು ಬಾರದು. ಬಲವುಳ್ಳವನು ದಿಕ್ಕಿಲ್ಲದ ಹೆಣ್ಣಿಗೆ ಮಾಡಿದ ಅನ್ಯಾಯವನ್ನು ನಾಲ್ಕು ನೂರು ವರ್ಷ ಮರೆಯದೆ ಕಾಪಾಡಿದ ಜನರ ನೆನಪು ಅದು. ಮರಳು ಹೇಗೆ ಬಂತು ಎಂಬುದಕ್ಕೆ ಅದು ಉತ್ತರವಲ್ಲ, ಅಷ್ಟೆ.

ಇದು ಬೇರೆಯವರ ಕಥೆ, ನಮಗಿದು ತಗಲುವುದಿಲ್ಲ ಎಂದುಕೊಳ್ಳುವ ಮುನ್ನ ವೇಲಾಂಕಣ್ಣಿಯನ್ನು ನೆನೆಯೋಣ. 2004ರ ಡಿಸೆಂಬರ್ 26, ಕ್ರಿಸ್ತಜಯಂತಿಯ ಮಾರನೆಯ ದಿನ, ಭಾನುವಾರ. ಸುನಾಮಿಯ ನೀರು ಆರೋಗ್ಯ ಮಾತೆಯ ದೇವಾಲಯದ ಒಳಗೆ ಬರಲಿಲ್ಲ, ಒಳಗಿದ್ದವರು ಉಳಿದರು. ಆ ಸುದ್ದಿ ನಮ್ಮ ಧರ್ಮಕೇಂದ್ರಗಳಲ್ಲೆಲ್ಲ ಪವಾಡವೆಂದು ಹರಡಿತು. ಆದರೆ ಅದೇ ಬೆಳಿಗ್ಗೆ ಕಡಲ ದಂಡೆಯಲ್ಲಿ, ಅಂಗಡಿ ಸಾಲಿನಲ್ಲಿ ನೂರಾರು ಯಾತ್ರಿಕರು ಸತ್ತರು. ಅವರೂ ಮಾತೆಯ ಹರಕೆ ತೀರಿಸಲೆಂದೇ ದೂರದಿಂದ ಬಂದವರು. ಪೂಜೆ ಮುಗಿಸಿ ಮಕ್ಕಳಿಗೆ ಕಡಲು ತೋರಿಸಲು ಹೋದ ಒಬ್ಬ ತಾಯಿಯ ಎದುರು ನಿಂತು 'ಒಳಗಿದ್ದವರನ್ನು ಮಾತೆ ಕಾಪಾಡಿದಳು' ಎಂದು ಹೇಳಿ ನೋಡಿ. ನಾಲಿಗೆ ಏಳುತ್ತದೆಯೇ? ಉಳಿದವರು ಕೃತಜ್ಞತೆ ಸಲ್ಲಿಸುವುದು ಸರಿ, ಅದು ಮಕ್ಕಳ ಹಕ್ಕು. ಆ ಕೃತಜ್ಞತೆ ಸತ್ತವರ ಮೇಲಿನ ತೀರ್ಪಾಗಿ ತಿರುಗಿದ ಕ್ಷಣದಲ್ಲಿ ಏನೋ ಕೆಡುತ್ತದೆ.

ಯೇಸುಸ್ವಾಮಿಯ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಲೂಕನ ಶುಭಸಂದೇಶದ 13ನೆಯ ಅಧ್ಯಾಯ ನೋಡಿ. ಸಿಲೋವಾಮ್‌ನಲ್ಲಿ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಸ್ವಾಮಿಯೇ ಕೇಳಿ, ತಾವೇ ಅಲ್ಲವೆಂದರು. ಇಲ್ಲಿಗೆ ನಿಲ್ಲಿಸಿದರೆ ನಮಗೆ ಹಿತವಾಗಿತ್ತು. ಆದರೆ ಮುಂದುವರಿದು, ನೀವು ಮನಸ್ಸು ತಿರುಗಿಸದಿದ್ದರೆ ನಿಮಗೂ ನಾಶವೇ ಗತಿ ಎಂದರು. ಈ ಎರಡನೆಯ ಮಾತು ನನಗೆ ಬಹಳ ಕಾಲ ಕಷ್ಟವಾಗಿತ್ತು. ಮೊದಲು ಕೊಟ್ಟ ಸಮಾಧಾನವನ್ನು ಮತ್ತೆ ಕಸಿದುಕೊಂಡಂತೆ ತೋರುತ್ತಿತ್ತು. ಈಗ ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ: ಲೆಕ್ಕ ಕೇಳಿದ್ದು ಸತ್ತವರನ್ನಲ್ಲ, ಗೋಪುರದ ಕೆಳಗೆ ಇಲ್ಲದೆ ಉಳಿದುಕೊಂಡವರನ್ನು.

ಧರ್ಮಸಭೆಯ ಒಳಗೇ ಈ ಪಾಠ ಮರೆತದ್ದುಂಟು. 1755ರ ನವೆಂಬರ್ 1, ಸಕಲ ಸಂತರ ಹಬ್ಬದಂದು ಲಿಸ್ಬನ್ ನಗರ ಭೂಕಂಪಕ್ಕೆ ಸಿಕ್ಕಿದಾಗ ಜನ ಚರ್ಚುಗಳಲ್ಲಿ ತುಂಬಿದ್ದರು, ಚರ್ಚುಗಳೇ ಅವರ ಮೇಲೆ ಬಿದ್ದವು. ಮಲಗ್ರೀದಾ ಎಂಬ ಯೇಸುಸಭೆಯ ಗುರು, ಇದು ಪಾಪಕ್ಕೆ ಬಂದ ಶಿಕ್ಷೆ, ಗುಡಾರ ಕಟ್ಟುವುದರಲ್ಲಿ ಕಾಲ ಕಳೆಯದೆ ಪ್ರಾಯಶ್ಚಿತ್ತ ಮಾಡಿ ಎಂದು ಬರೆದರು. ಮನೆ ಕಳೆದುಕೊಂಡು ಬೀದಿಯಲ್ಲಿದ್ದವರಿಗೆ ಆ ಮಾತು!

ಸಂಸ್ಕೃತಿ ಕಣ್ಣು ಕಟ್ಟುವುದಷ್ಟೇ ಅಲ್ಲ, ಪ್ರಾಣವನ್ನೂ ಉಳಿಸುತ್ತದೆ. ಇಂಡೋನೇಷ್ಯಾದ ಸಿಮೆಲೂ ಎಂಬ ದ್ವೀಪದಲ್ಲಿ 1907ರಲ್ಲಿ ದೊಡ್ಡ ಅಲೆ ಬಂದು ಬಹಳ ಜನ ಸತ್ತಿದ್ದರು. ಆಮೇಲೆ ಅಜ್ಜಿಯರು ಮೊಮ್ಮಕ್ಕಳಿಗೆ ಒಂದು ಕಥೆ ಹೇಳುತ್ತ ಬಂದರು: ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡ ಹತ್ತು. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದರೂ ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ. ಆ ಕಥೆಯಲ್ಲಿ ಯಾರ ಪಾಪವೂ ಇಲ್ಲ, ಹತ್ತಬೇಕಾದ ಗುಡ್ಡ ಮಾತ್ರ ಇದೆ. ಮಳೆಗೆಲ್ಲ ನಕ್ಷತ್ರದ ಹೆಸರಿಟ್ಟು ಪುನರ್ವಸು, ಪುಷ್ಯ, ಆಶ್ಲೇಷ ಎಂದು ಎಣಿಸುವ ನಮ್ಮ ರೈತರ ಬಳಿಯೂ ಇಂಥ ನೆನಪಿದೆ. ಕಬಿನಿ ಜಲಾಶಯ ಕಟ್ಟಿದ ಮೇಲೆ ಹೊಳೆಯ ಕಾಲಗಣನೆ ಬಾಗಿಲಿನ ಕೈಗೆ ಹೋಯಿತು. ಜಲಾಶಯ ತುಂಬಿದ ವರ್ಷ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಕೆಳಗಿನ ಊರುಗಳಲ್ಲಿ ಅದೇ ನೀರಿಗೆ ಪಾತ್ರೆ ಪಗಡ ಎತ್ತಿಡುತ್ತಿರುತ್ತಾರೆ.

ಯಾರು ಎತ್ತಿಡುತ್ತಾರೆ? ಇಲ್ಲಿಗೆ ಬಂದಾಗ ಮಾತು ನಮಗೆಲ್ಲ ಸ್ವಲ್ಪ ಕಹಿಯಾಗುತ್ತದೆ. ನಂಜನಗೂಡಿನಲ್ಲಿ ನೀರು ನುಗ್ಗುವ ಬೀದಿಗಳಲ್ಲಿ ಒಂದರ ಹೆಸರು ಹಳ್ಳದಕೇರಿ. ಹೆಸರೇ ಹೇಳುತ್ತದೆ. ನಮ್ಮ ಊರುಗಳಲ್ಲಿ ಎತ್ತರದ ನೆಲ ಯಾರಿಗೆ, ತಗ್ಗು ಯಾರಿಗೆ ಎಂಬುದನ್ನು ಹೊಳೆ ನಿರ್ಧರಿಸಲಿಲ್ಲ. ಹೊಳೆಗೆ ಜಾತಿ ಗೊತ್ತಿಲ್ಲ. ಆದರೆ ಜಾತಿ ಜನರನ್ನು ಮೊದಲೇ ಎಲ್ಲಿ ಕೂರಿಸಿತ್ತೋ ಅಲ್ಲಿಗೇ ನೀರು ಮೊದಲು ಬರುತ್ತದೆ. ಸುನಾಮಿಯ ನಂತರ ತಮಿಳುನಾಡಿನ ಕೆಲವು ಪರಿಹಾರ ಶಿಬಿರಗಳಲ್ಲಿ ದಲಿತರನ್ನು ಜೊತೆಗೆ ಇರಗೊಡಲಿಲ್ಲ, ಅದೇ ನೀರು ಕುಡಿಯಲು ಬಿಡಲಿಲ್ಲ. ಸಾವು ಬಂದು ಹೋದ ಮೇಲೂ ಗೆರೆ ಅಳಿಸಿರಲಿಲ್ಲ. ಕ್ರೈಸ್ತರಾದ ನಾವು ಇದನ್ನು ಓದಿ ತಲೆ ಆಡಿಸುತ್ತೇವೆ. ನಮ್ಮವೇ ಕೆಲವು ಊರುಗಳಲ್ಲಿ ಸಮಾಧಿ ಭೂಮಿಯನ್ನೂ ಜಾತಿಯ ಗೋಡೆ ಭಾಗ ಮಾಡಿದೆ ಎಂಬುದು ತಮಿಳುನಾಡಿನ ಧರ್ಮಸಭೆಗೆ ಗೊತ್ತಿರುವ ನೋವೇ.

'ದೇವರ ಚಿತ್ತ' ಎಂದು ಹೇಳುವಾಗ ನಾವು ಯಾವುದನ್ನು ದೇವರ ಹೆಗಲಿಗೆ ಹೊರಿಸುತ್ತಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ವಯನಾಡಿನ ಮಳೆಯನ್ನು ಹೊರಿಸಬಹುದು. ತಗ್ಗಿನಲ್ಲಿ ಗುಡಿಸಲು ಇದ್ದದ್ದನ್ನು ಹೊರಿಸಲಾದೀತೇ? ಹೊಳೆಯ ಪಾತ್ರದ ಮರಳನ್ನು ಲಾರಿಗೆ ತುಂಬಿದ್ದನ್ನು? ಪ್ರಾರ್ಥನೆ ಬೇಡವೆಂದಲ್ಲ. ನೀರು ಏರುತ್ತಿರುವ ರಾತ್ರಿ ಜಪಮಾಲೆ ಹಿಡಿದು ಕುಳಿತವರ ಭಯವನ್ನು ಹಗುರಾಗಿ ಕಾಣುವವನು ನಾನಲ್ಲ. ಜಪಮಾಲೆ ಹಿಡಿದ ಕೈಗಳು ಎರಡು ಇರುತ್ತವೆ, ಇನ್ನೊಂದು ಕೈ ಏನು ಮಾಡುತ್ತಿದೆ ಎಂಬುದಷ್ಟೇ ನನ್ನ ಕುತೂಹಲ.

ಮುಂದಿನ ಆಷಾಢದಲ್ಲಿ, ನದಿ ಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ ಹೋಗಬೇಕೆಂದು ಆಟೋದ ಮೈಕಿನಲ್ಲಿ ಕೂಗುತ್ತ ಹೋಗುವ ದಿನ ಬಂದೇ ಬರುತ್ತದೆ. ಅದಕ್ಕೆ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಬಹುದಾದ ಕೆಲವು ಸಂಗತಿಗಳಿವೆ. ನಿಮ್ಮ ಧರ್ಮಕೇಂದ್ರದ ಸಭಾಂಗಣ ಹೊಳೆಯಿಂದ ಎಷ್ಟು ಎತ್ತರದಲ್ಲಿದೆ? ಆ ರಾತ್ರಿ ಅದರ ಬೀಗದ ಕೈ ಯಾರ ಬಳಿ ಇರುತ್ತದೆ? ತಗ್ಗಿನ ಕೇರಿಯಿಂದ ಹಸುಗೂಸು ಎತ್ತಿಕೊಂಡು, ಆಡು ಹಿಡಿದುಕೊಂಡು ಬಂದವರಿಗೆ, ಅವರು ಯಾವ ದೇವರ ಒಕ್ಕಲಾದರೂ ಸರಿ, ನಿಮ್ಮ ಅಡುಗೆ ಮನೆಯ ಪಾತ್ರೆಯಲ್ಲೇ ಗಂಜಿ ಬಡಿಸುತ್ತೀರಾ, ಅಥವಾ ಹೊರಗಿನ ಬಚ್ಚಲ ಬಳಿ ಇಟ್ಟಿರುವ ಬೇರೆ ಲೋಟ ತರಿಸುತ್ತೀರಾ?